ಚೆನ್ನಾಗಿದೆ ಅಂದುಬಿಟ್ಟ ಅತ್ತೆ ಮಗ

ಹೋದ ವರ್ಷದ ಹಣ್ಣಿನ ಕಾಲದಲ್ಲಿ ಮಕ್ರೀನಾ ಮಾಡಿದ ಅಕುಟಾಕ್, ಅಂದರೆ ವನಸ್ಪತಿ ತುಪ್ಪಕ್ಕೆ ಮೀನು, ಹಣ್ಣು, ಸಕ್ಕರೆ ಕಲಸಿ ಮಾಡುವ ಸಿಹಿ, ಕೆಟ್ಟುಹೋಗಿತ್ತು. ವನಸ್ಪತಿ ಉಬ್ಬಿರಲಿಲ್ಲ. ಬೇಯಿಸಿದ ಮೀನಿನ ನೀರನ್ನು ಸರಿಯಾಗಿ ಹಿಂಡಿರಲಿಲ್ಲ. ಹೊಸ ಹಿಮದ ಹಾಗೆ ಬೆಳ್ಳಗೆ ಎದ್ದು ನಿಲ್ಲಬೇಕಾದದ್ದು ಹಣ್ಣಿನ ರಸ ಕುಡಿದು ಬಟ್ಟಲಿನ ತಳದಲ್ಲಿ ಗಂಜಿಯ ಹಾಗೆ ಮಲಗಿತ್ತು. ಅದು ಅವಳಿಗೂ ಗೊತ್ತಿತ್ತು. ಆಗ ಗಂಡ ಸತ್ತು ಒಂದು ಬೇಸಿಗೆಯಷ್ಟೇ ಕಳೆದಿತ್ತು. ಕೈ ತನ್ನ ಪಾಡಿಗೆ ತಾನು ಕಲಸಿತ್ತು, ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಸೋದರತ್ತೆಯ ಮಗ ಝಾಕರ್ ಆ ಬಟ್ಟಲನ್ನು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಚೆನ್ನಾಗಿದೆ" ಅಂದ.

ಮಕ್ರೀನಾಗೆ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು.

ಆ ಹೊಳೆಯ ದಂಡೆಯ ಊರುಗಳಲ್ಲಿ ಅತ್ತೆ ಮಗ ಹುಟ್ಟುವುದೇ ಮಾವನ ಮಗಳ ಕಾಲೆಳೆಯುವುದಕ್ಕೆ. ಅಣ್ಣತಮ್ಮಂದಿರು ಹೇಳಲಾರದ್ದನ್ನು, ಅಪ್ಪ ಅಮ್ಮ ನುಂಗಿಕೊಂಡದ್ದನ್ನು ಅವನು ನಾಲ್ಕು ಜನರ ಮುಂದೆ ನಗುನಗುತ್ತ ಆಡಿಬಿಡಬೇಕು. ಆಡಿಸಿಕೊಂಡವಳು ಮುಖ ಊದಿಸಿಕೊಳ್ಳುವ ಹಾಗಿಲ್ಲ, ಅದಕ್ಕಿಂತ ಜೋರಾಗಿ ತಿರುಗಿಸಿ ಕೊಡಬೇಕು. ಝಾಕರ್ ಈ ಕೆಲಸದಲ್ಲಿ ಒಂದು ದಿನವೂ ಸೋಮಾರಿತನ ಮಾಡಿದವನಲ್ಲ. ಅವಳ ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಮದುಮಗನಿಗೆ, "ಸರಿಯಾಗಿ ನೋಡ್ಕೊಂಡು ಕರ್ಕೊಂಡು ಹೋಗಪ್ಪ, ಆಮೇಲೆ ವಾಪಸ್ ತಗೊಳಲ್ಲ" ಅಂದಿದ್ದ. ಅವಳು ದೊಡ್ಡ ಊರಿನ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಇಲ್ಲಿನ ಶಾಲೆಗೆ ಸೇರಿದಾಗ, "ಇಷ್ಟು ವರ್ಷ ಓದಿದ್ದು ಮಕ್ಕಳಿಗೆ ಒಂದು ಎರಡು ಹೇಳ್ಕೊಡೋಕಾ? ಅದು ನನಗೂ ಬರುತ್ತೆ ಕಣೇ, ಹತ್ತರ ತನಕ" ಅಂದಿದ್ದ.

ಹೋದ ವರ್ಷ ವಸಂತದಲ್ಲಿ ಹೊಳೆಯ ಮೇಲಿನ ಮಂಜುಗಡ್ಡೆ ಬಿರಿಯುವ ಹೊತ್ತಿಗೆ ಅವಳ ಗಂಡ ಕಿಯುನ್ಯಾ ತನ್ನ ಹಿಮಗಾಡಿಯ ಸಮೇತ ನೀರಿನೊಳಗೆ ಹೋದ. ಆಮೇಲೆ ಊರೆಲ್ಲ ಅವಳ ಎದುರು ದನಿ ತಗ್ಗಿಸಿತು. ಝಾಕರನಂತೂ ಪೂರಾ ಒಳ್ಳೆಯವನಾಗಿಬಿಟ್ಟ. ಹೇಳದೆಯೇ ಅವಳ ಸೌದೆ ಒಡೆದು ಜೋಡಿಸಿದ. ಮೀನು ಸಿಕ್ಕಿದರೆ ದೊಡ್ಡದನ್ನು ಅವಳ ಬಾಗಿಲಲ್ಲಿಟ್ಟು ಹೋದ. ಹೋಗುವಾಗ ಟೋಪಿ ಕೈಯಲ್ಲಿ ಹಿಡಿದು, "ಬೇರೆ ಏನಾದರೂ ಬೇಕಾ, ಮಕ್ರೀನಾ?" ಅಂತ ಕೇಳುತ್ತಿದ್ದ. ಆ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ಅವಳಿಗೆ, ಗಂಡನ ಹಿಂದೆ ತಾನೂ ಹೋಗಿರಬೇಕು, ಯಾರೂ ತನಗೆ ಹೇಳಿಲ್ಲ ಅಷ್ಟೇ, ಅನ್ನಿಸುತ್ತಿತ್ತು.

ತನ್ನನ್ನು ಗೇಲಿ ಮಾಡು ಅಂತ ಬೇಡಿಕೊಳ್ಳುವುದಾದರೂ ಹೇಗೆ? ತಾನೇ ಮೊದಲು ಅವನ ಕಾಲೆಳೆಯೋಣವೆಂದರೆ ಬಾಯಿಗೆ ಮಾತೇ ಬರುತ್ತಿರಲಿಲ್ಲ. ಒಂದು ಚಳಿಗಾಲ ಹಾಗೇ ಹೋಯಿತು. ಮತ್ತೆ ಹಣ್ಣಿನ ಕಾಲ ಬಂದಾಗ ಅವಳು ಒಂದು ನಿರ್ಧಾರ ಮಾಡಿದಳು. ಈ ಸಲ ಅವನು ತಡೆದುಕೊಳ್ಳಲಾಗದಂಥದ್ದೇನನ್ನಾದರೂ ಮಾಡಬೇಕು.

ಹಣ್ಣು ಕೀಳಲು ದೋಣಿ ಹೊರಡುವ ಬೆಳಿಗ್ಗೆ ಅವಳು ರಬ್ಬರ್ ಬೂಟುಗಳನ್ನು ಎಡಬಲ ಬದಲಿಸಿ ಹಾಕಿಕೊಂಡು ದಂಡೆಗೆ ಬಂದಳು.

ದೋಣಿಯಲ್ಲಿ ಝಾಕರನ ತಾಯಿ ಒಲಿಂಕಾ ಅತ್ತೆ ಆಗಲೇ ಬಕೆಟ್ ಮಗುಚಿ ಅದರ ಮೇಲೆ ಕೂತಿದ್ದಳು. ಝಾಕರನ ಹೆಂಡತಿ ಫೆಕ್ಲಾ ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ಮಗುವಿನ ಹೆಸರೂ ಕಿಯುನ್ಯಾ. ಅವನು ಹೋದ ಮೇಲೆ ಊರಿನಲ್ಲಿ ಮೊದಲು ಹುಟ್ಟಿದ ಕೂಸು ಅದೇ ಆದ್ದರಿಂದ ಅಲ್ಲಿನ ರೂಢಿಯಂತೆ ಹೆಸರು ಅದಕ್ಕೇ ಹೋಯಿತು, ಹೆಸರಿನ ಬೆನ್ನಿಗೆ ನಂಟೂ ಹೋಯಿತು. ಗಂಡೋ ಹೆಣ್ಣೋ ಅಂತ ಹೆಸರು ನೋಡುವುದಿಲ್ಲ. ಹಾಗಾಗಿ ಮಕ್ರೀನಾಳ ಗಂಡ ಈಗ ಝಾಕರನ ಮಗಳು. ಮೇಲೆರಡು ಹಲ್ಲು, ಕೆಳಗೆರಡು ಹಲ್ಲು, ಸದಾ ಜೊಲ್ಲು. ಬೇರೆ ಯಾವ ಮನೆಯಲ್ಲಾದರೂ ಇಷ್ಟು ಹೊತ್ತಿಗೆ "ನಿನ್ನ ಗಂಡ ಚಡ್ಡಿ ಒದ್ದೆ ಮಾಡ್ಕೊಂಡಿದಾನೆ, ಬಂದು ಬದಲಾಯಿಸು" ಅಂತ ನೂರು ಸಲ ಕೂಗಿರುತ್ತಿದ್ದರು. ಇವಳನ್ನು ಯಾರೂ ಕೂಗಲಿಲ್ಲ. ಇವಳು ಮಾಡಬೇಕಾದ ಮರ್ಯಾದೆಯನ್ನೇನೋ ಮಾಡಿದ್ದಳು. ತುಪ್ಪಳದ ಪುಟ್ಟ ಬೂಟು ಹೊಲಿದು ಕೊಟ್ಟಿದ್ದಳು. ಆದರೆ ಅದನ್ನು 'ಮಗು' ಅಂತಲೇ ಕರೆಯುತ್ತಿದ್ದಳು.

ಝಾಕರ್ ಅವಳ ಕೈ ಹಿಡಿದು ದೋಣಿಗೆ ಹತ್ತಿಸುವಾಗ ಬೂಟು ನೋಡಿದ. ಒಂದು ಬೂಟಿನ ಮೂತಿ ಆ ಕಡೆ, ಇನ್ನೊಂದರದು ಈ ಕಡೆ. ಅವನ ಮೀಸೆ ಅಲುಗಿತು. ಮಕ್ರೀನಾ ಉಸಿರು ಹಿಡಿದಳು.

"ಕಾಲು ನೋಯ್ತಿದೆಯಾ?" ಅಂದ ಝಾಕರ್ ಮೆತ್ತಗೆ. "ನನ್ನ ಬೂಟು ಬೇಕಾದ್ರೆ ಹಾಕ್ಕೋ."

"ಬೇಡ," ಅಂದಳು ಅವಳು.

ಹೊಳೆಯ ತಿರುವು ದಾಟಿ, ಸ್ಪ್ರೂಸ್ ಮರಗಳ ಸಾಲಿನ ಹಿಂದೆ ಜೌಗು ತೆರೆದುಕೊಂಡಲ್ಲಿ ದೋಣಿ ಕಟ್ಟಿದರು. ಪಾಚಿಯ ತುಂಬ ಜೌಗುಹಣ್ಣು. ಒಂದು ಗಿಡಕ್ಕೆ ಒಂದೇ ಹಣ್ಣು, ಒಂದೊಂದಕ್ಕೂ ಒಂದೊಂದು ಸಲ ಸೊಂಟ ಬಗ್ಗಿಸಬೇಕು. ಇದು ಕೆಂಪಗಿದ್ದಾಗ ಕಾಯಿ. ಕೆಂಪು ಇಳಿದು ಜೇನಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಜಾರುವಷ್ಟು ಮೆತ್ತಗಾದಾಗ ಹಣ್ಣು. ಅಲ್ಲಿನ ಮಕ್ಕಳು ಮಾತು ಕಲಿಯುವುದಕ್ಕೆ ಮೊದಲು ಇದನ್ನು ಕಲಿಯುತ್ತಾರೆ. ಮಕ್ರೀನಾ ಕೆಂಪಗಿದ್ದದ್ದನ್ನೇ ಹುಡುಕಿ ಹುಡುಕಿ ಕಿತ್ತಳು. ಬಕೆಟ್ಟಿಗೆ ಬಿದ್ದರೆ ಟಣ್ ಅನ್ನುವಂಥವು.

ಒಲಿಂಕಾ ಅತ್ತೆ ಸೊಂಟ ಹಿಡಿದುಕೊಂಡು ಹತ್ತಿರ ಬಂದಳು, ಬಕೆಟ್ಟಿನೊಳಗೆ ಇಣುಕಿದಳು. ಚಿಕ್ಕಂದಿನಲ್ಲಿ ಒಂದೇ ಒಂದು ಕಾಯಿ ಕಿತ್ತದ್ದಕ್ಕೆ ಇದೇ ಅತ್ತೆ ಮಕ್ರೀನಾಳ ಕೈಗೆ ಫಟೀರನೆ ಕೊಟ್ಟಿದ್ದಳು. ಈಗ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡಳು.

"ಬಿಸಿಲಿಗಿಟ್ರೆ ಹಣ್ಣಾಗುತ್ತೆ ಬಿಡು ಪುಟ್ಟಿ," ಅಂದಳು.

ಆ ಕಾಯಿ ಕಿತ್ತ ಮೇಲೆ ಯಾವ ಬಿಸಿಲಿಗೂ ಹಣ್ಣಾಗುವುದಿಲ್ಲ. ಅತ್ತೆ ಸುಳ್ಳು ಹೇಳಿದ್ದನ್ನು ಮಕ್ರೀನಾ ಅವತ್ತೇ ಮೊದಲು ಕೇಳಿದ್ದು.

ಮಧ್ಯಾಹ್ನ ಬೆಂಕಿ ಹಾಕಿ ಚಹಾ ಕಾಯಿಸಿದರು. ಒಣಗಿಸಿದ ಸಾಮನ್ ಮೀನನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತ ಎಲ್ಲರೂ ಸುತ್ತ ಕೂತರು. ಮಗುವನ್ನು ಪಾಚಿಯ ಮೇಲೆ ಬಿಟ್ಟಿದ್ದರು. ಅದು ಅಂಬೆಗಾಲಿಟ್ಟು ಹೋಗಿ ಕರಿಹಣ್ಣಿನ ಪೊದೆಗೇ ಬಾಯಿ ಹಾಕಿ, ಮೂಗಿನ ತನಕ ಮಸಿ ಮಾಡಿಕೊಂಡಿತ್ತು.

"ಮಕ್ರೀನಕ್ಕ, ನಿನ್ನ ಗಂ—" ಅಂದು ಫೆಕ್ಲಾ ನಾಲಿಗೆ ಕಚ್ಚಿಕೊಂಡಳು. "ಮಗೂನ ನೋಡು, ಥೇಟ್ ಕರಡಿಮರಿ."

ಮಕ್ರೀನಾ ತನ್ನ ಬಕೆಟ್ಟನ್ನು ಎತ್ತಿ ಝಾಕರನ ಮುಂದೆ ಇಟ್ಟಳು.

"ಏನೂ ಹೇಳಲ್ವಾ?"

"ಏನು ಹೇಳ್ಬೇಕಿತ್ತು?"

"ಇದನ್ನ ನೋಡು."

ಝಾಕರ್ ನೋಡಿದ. ಕಾಯಿಗಳು ಕೆಂಪಗೆ ಅವನನ್ನೇ ನೋಡಿದವು. ಅವನು ಚಹಾದ ಲೋಟ ಎತ್ತಿ ಬಾಯಿಗೆ ಅಡ್ಡ ಹಿಡಿದ.

"ತುಂಬಿದೆ," ಅಂದ.

ಅಷ್ಟೇ ಅಲ್ಲ, ಹೊರಡುವಾಗ ತನ್ನ ಬಕೆಟ್ಟಿನ ಮಾಗಿದ ಹಣ್ಣನ್ನೆಲ್ಲ ಒಂದು ಚೀಲಕ್ಕೆ ಸುರಿದು, "ನನಗೆ ಇಷ್ಟು ಬೇಡ" ಅಂತ ಅವಳ ಪಕ್ಕ ಇಟ್ಟ. ದೋಣಿ ಮನೆ ಮುಟ್ಟುವ ತನಕ ಮಕ್ರೀನಾ ಯಾರ ಮುಖವನ್ನೂ ನೋಡಲಿಲ್ಲ. ಬೂಟಿನೊಳಗೆ ಕಾಲ ಬೆರಳುಗಳು ನಿಜವಾಗಿಯೂ ನೋಯುತ್ತಿದ್ದವು.

ಉಳಿದದ್ದು ಅಕುಟಾಕ್ ಒಂದೇ.

ಮರುದಿನ ಅವಳು ಬಿಳಿಮೀನು ಬೇಯಿಸಿ, ಮುಳ್ಳು ಬಿಡಿಸಿ, ಬೊಗಸೆಯಲ್ಲಿ ಒತ್ತಿ ಒತ್ತಿ ಹತ್ತಿಯಷ್ಟು ಒಣಗಿಸಿದಳು. ದೊಡ್ಡ ಬೋಗುಣಿಗೆ ವನಸ್ಪತಿ ಹಾಕಿ ಬರಿಗೈಯಲ್ಲಿ ನಾದಲು ಕೂತಳು. ಕಡಲ ಕಡೆಯ ನಂಟರು ಕಳಿಸಿದ್ದ ಸೀಲ್ ಪ್ರಾಣಿಯ ಎಣ್ಣೆಯನ್ನು ಎಳೆಯಾಗಿ ಬಿಟ್ಟಳು. ಬೆರಳು ಅಗಲಿಸಿ, ಒಂದೇ ಸುತ್ತಿಗೆ, ತೋಳು ಸೋಲುವ ತನಕ ಕಲಸಿದಳು. ಕೆಡಿಸಬೇಕು ಅಂತ ಕೂತ ದಿನವೇ ಅದು ಉಬ್ಬಬೇಕೇ! ಬೋಗುಣಿಯ ಅಂಚು ದಾಟಿ ಬೆಳ್ಳಗೆ, ಹಗುರಾಗಿ ಎದ್ದು ನಿಂತಿತು. ಅಷ್ಟು ಚೆನ್ನಾದದ್ದು ಅವಳ ಕೈಯಲ್ಲಿ ಮದುವೆಗೆ ಮುಂಚೆಯೂ ಬಂದಿರಲಿಲ್ಲ. ಅವಳಿಗೆ ಸ್ವಲ್ಪ ಹೊಟ್ಟೆ ಉರಿಯಿತು.

ಆದರೂ ಮನಸ್ಸು ಗಟ್ಟಿ ಮಾಡಿ ಆ ಕೆಂಪು ಕಾಯಿಗಳನ್ನು ಸುರಿದಳು. ಸಕ್ಕರೆಯ ಡಬ್ಬಿ ಮುಟ್ಟಲಿಲ್ಲ. ಅದರ ಪಕ್ಕದಲ್ಲಿ ಸಾಮನ್ ಮೀನಿಗೆ ಹಚ್ಚುವ ಕಲ್ಲುಪ್ಪಿನ ಡಬ್ಬಿ ಇತ್ತು, ಅದರಿಂದ ಹಿಡಿ ತುಂಬ ತೆಗೆದು ಹಾಕಿದಳು. ಉಣ್ಣುವ ಪದಾರ್ಥ ಹಾಳು ಮಾಡುವುದು ಆ ಊರಿನಲ್ಲಿ ಕಳ್ಳತನಕ್ಕಿಂತ ಕೆಟ್ಟದ್ದು. ಅದಕ್ಕೇ ಝಾಕರ್ ಕೊಟ್ಟ ಚೀಲದ ಹಣ್ಣು ಒಂದನ್ನೂ ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ನಿಯತ್ತು ಉಳಿಸಿಕೊಂಡಳು. ಆಮೇಲೆ ಹೂವಿನ ಕುಪ್ಪಸ ಹಾಕಿಕೊಂಡು, ಊಟಕ್ಕೆ ಕರೆಯಲು ಹೋದಳು.

ಎಲ್ಲರಿಗಿಂತ ಹಿರಿಯನಾದ ಪಕ್ಕದ ಮನೆಯ ಗಾವ್ರೀಲಜ್ಜನಿಗೆ ಮೊದಲ ಬಟ್ಟಲು. ಅಜ್ಜ ಚಮಚ ತುಂಬ ಬಾಯಿಗಿಟ್ಟ. ದವಡೆ ಒಂದು ಸಲ ಆಡಿ ನಿಂತಿತು. ಕಣ್ಣು ಮುಚ್ಚಿದ. ಒಳ್ಳೇ ಹೊತ್ತು ಮುಚ್ಚಿಕೊಂಡೇ ಇದ್ದ. ಪ್ರಾರ್ಥನೆ ಮಾಡುತ್ತಿದ್ದಾನೇನೋ ಅಂತ ಫೆಕ್ಲಾ ಕೂಡ ತಲೆ ತಗ್ಗಿಸಿದಳು.

"ಹ್ಞೂಂ," ಅಂದ ಅಜ್ಜ ಕೊನೆಗೆ. "ಹಳೇ ಕಾಲದ ರುಚಿ, ಮಗಳೇ."

ಒಲಿಂಕಾ ಅತ್ತೆ ಔಷಧಿ ಕುಡಿಯುವವಳ ಹಾಗೆ ಉಸಿರು ಬಿಡದೆ ತಿಂದು, "ನಿನ್ನ ಕೈಗುಣ ನಿನ್ನದೇ" ಅಂದಳು. ಆಮೇಲೆ ಚಹಾದ ಮೇಲೆ ಚಹಾ ಬಗ್ಗಿಸಿಕೊಂಡಳು. ಫೆಕ್ಲಾ ಒಂದು ಕಾಯಿಯನ್ನು ಕಟುಂ ಅಂತ ಕಡಿದು, ಕಣ್ಣಲ್ಲಿ ನೀರು ತಂದುಕೊಂಡು, "ಸಕ್ಕರೆ ಹದವಾಗಿದೆ ಮಕ್ರೀನಕ್ಕ" ಅಂದಳು.

ಮಕ್ರೀನಾ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಝಾಕರನನ್ನೇ ನೋಡುತ್ತಿದ್ದಳು. ಅವನು ಮೊದಲ ಚಮಚ ತಿಂದ. ಎರಡನೆಯದು ತಿಂದ. ಕಿವಿ ಕೆಂಪಾಯಿತು. ಹಣೆಯಲ್ಲಿ ಬೆವರು ಒಡೆಯಿತು. ಬಟ್ಟಲಿನ ತಳ ಕೆರೆದು ಕೊನೆಯ ಚೂರನ್ನೂ ನೆಕ್ಕಿ, ಬಟ್ಟಲು ಮುಂದೆ ಚಾಚಿದ.

"ಇನ್ನೂ ಸ್ವಲ್ಪ ಹಾಕ್ತೀಯಾ?"

ಅವಳು ಹಾಕಿದಳು. ಹಾಕಿ, ಒಲೆಯ ಪಕ್ಕದ ಮಣೆಯ ಮೇಲೆ ಕೂತುಬಿಟ್ಟಳು. ಉಪ್ಪಿಗಿಂತ ಮುಂದೆ ಇನ್ನೇನಿದೆ? ಸೀಮೆಎಣ್ಣೆ ಹಾಕಿದ್ದರೂ ಇವರು ಹೀಗೇ ತಿನ್ನುತ್ತಿದ್ದರು. ಇವರು ಇಷ್ಟು ಒಳ್ಳೆಯವರಾಗಿ, ಇಷ್ಟು ಮೆತ್ತಗೆ, ತನ್ನನ್ನು ಹೀಗೇ ಮುದುಕಿ ಮಾಡಿ ಮಣ್ಣಿಗೆ ಹಾಕುತ್ತಾರೆ.

"ಕಿಯುನ್ಯಾಗೆ ಕೊಡಲಿಲ್ವಲ್ಲ," ಅಂದ ಗಾವ್ರೀಲಜ್ಜ. ಇನ್ನೊಬ್ಬರು ತನ್ನ ಬಟ್ಟಲಿಗೆ ನೆರವಾಗಲಿ ಅನ್ನುವ ಆಸೆಯೂ ಇದ್ದಿರಬೇಕು. "ಅವನಿಗೆ ಅಕುಟಾಕ್ ಅಂದ್ರೆ ಪ್ರಾಣ."

"ಬೇಡಜ್ಜ, ಮಗೂಗೆ ಬೇಡ," ಅಂತ ಮಕ್ರೀನಾ ಎದ್ದಳು. ಅಷ್ಟರಲ್ಲಿ ಮಗು ಅಪ್ಪನ ತೊಡೆಯ ಮೇಲಿಂದ ಬಗ್ಗಿ, ಬಟ್ಟಲಿಗೆ ಕೈ ಅದ್ದಿ, ಮುಷ್ಟಿಯನ್ನು ಪೂರಾ ಬಾಯಿಗೆ ತುರುಕಿಕೊಂಡಾಗಿತ್ತು.



ಮೊದಲು ಅದರ ಹುಬ್ಬುಗಳು ಮೇಲೆ ಹೋದವು. ಆಮೇಲೆ ಮೂಗು ಮುದುಡಿತು. ನಾಲಿಗೆ ಇಷ್ಟುದ್ದ ಹೊರಗೆ ಬಂತು. ಮುಷ್ಟಿ ಬಿಡಿಸಲು ಬಗ್ಗಿದ್ದ ಮಕ್ರೀನಾಳ ಕುಪ್ಪಸದ ಮೇಲೆ, ಕತ್ತಿನಿಂದ ಹೊಟ್ಟೆಯ ತನಕ, ಫೂ ಅಂತ ಎಲ್ಲವೂ ಬಂತು. ಅಳಲಿಲ್ಲ. ಅವಳನ್ನೇ ದುರುಗುಟ್ಟಿಕೊಂಡು ನೋಡಿತು, ಇದೇನು ತಿನ್ನಿಸ್ತಿದ್ದೀಯ ಅನ್ನುವ ಹಾಗೆ.

"ಅಯ್ಯೋ, ಹಲ್ಲು ಬರ್ತಿದೆ ನೋಡು, ಅದಕ್ಕೇ," ಅಂತ ಫೆಕ್ಲಾ ಬಟ್ಟೆ ಹುಡುಕಿದಳು.

"ಬೆಳಿಗ್ಗೆ ಮೈ ಬಿಸಿ ಇತ್ತು," ಅಂದಳು ಒಲಿಂಕಾ ಅತ್ತೆ.

"ಮಕ್ಕಳಿಗೇನು ಗೊತ್ತು ರುಚಿ," ಅಂದ ಗಾವ್ರೀಲಜ್ಜ.

ಮಕ್ರೀನಾ ತನ್ನ ಕುಪ್ಪಸ ನೋಡಿಕೊಂಡಳು. ಅದರ ಮೇಲೆ ಇಳಿಯುತ್ತಿದ್ದ ಬಿಳಿಯನ್ನು, ಒಂದು ಕೆಂಪು ಕಾಯಿಯನ್ನು ನೋಡಿದಳು. ಆ ನಾಲ್ಕು ಹಲ್ಲಿನ ಮುಖವನ್ನು ನೋಡಿದಳು. ಕಿಯುನ್ಯಾ ಬದುಕಿದ್ದಾಗ ಅವಳು ಬಡಿಸಿದ್ದನ್ನೆಲ್ಲ ತಲೆಯಾಡಿಸಿಕೊಂಡು ತಿನ್ನುತ್ತಿದ್ದ. ಒಂದು ದಿನ ಸೀದ ಮೀನನ್ನೂ ಹಾಗೇ ತಿಂದಿದ್ದ. ಆ ಒಳ್ಳೆಯತನಕ್ಕೆ ಅವಳಿಗೆ ಆಗಲೇ ರೇಗುತ್ತಿತ್ತು. ಅದು ಈಗ ನೆನಪಾಯಿತು.

"ಏನಯ್ಯಾ!" ಅಂದಳು ಸೊಂಟದ ಮೇಲೆ ಕೈಯಿಟ್ಟು. "ಇದ್ದಷ್ಟು ದಿನ ತುಟಿ ಪಿಟಕ್ ಅನ್ನಲಿಲ್ಲ. ಸೀದಿದ್ರೂ ತಿಂದೆ, ಹಸಿಯಾಗಿದ್ರೂ ತಿಂದೆ. ಈಗ ನಾಲ್ಕು ಹಲ್ಲು ಬಂತು ಅಂತ ಧೈರ್ಯ ಬಂತೇನು? ನಾಲ್ಕು ಜನರೆದುರು ಹೆಂಡತಿ ಮೇಲೆ ಉಗೀತೀಯಾ? ಗಂಡ ಆದವನು ಮಾಡೋ ಕೆಲಸಾನಾ ಇದು?"

ಫೆಕ್ಲಾಳ ಕೈಯಲ್ಲಿ ಬಟ್ಟೆ ಹಾಗೇ ನಿಂತಿತು.

ಆಗ ಝಾಕರನ ಎದೆಯೊಳಗಿಂದ, ಚಳಿ ಹಿಡಿದ ದೋಣಿಯ ಮೋಟಾರಿನಂಥ ಸದ್ದು ಬಂತು. ಒಂದು ಸಲ ಗೊರ್ ಅಂದು ನಿಂತಿತು. ಇನ್ನೊಂದು ಸಲ ಗೊರ್ ಅಂತು. ಮೂರನೆಯ ಸಲ ಹಿಡಿದುಕೊಂಡಿತು. ಅವನು ಬಟ್ಟಲು ಕೆಳಗಿಟ್ಟು, ಗೋಡೆಗೆ ತಲೆಯಾನಿಸಿ, ಹೊಟ್ಟೆ ಹಿಡಿದು ನಕ್ಕ.

"ಉಗೀದೆ ಇನ್ನೇನ್ ಮಾಡ್ತಾನೇ ಪಾಪ!" ಅಂದ ಉಸಿರು ಸಿಕ್ಕ ಮೇಲೆ. "ಇದು ಅಕುಟಾಕಾ? ಎರಡು ಬಟ್ಟಲು ತಿಂದಿದೀನಿ ಕಣೇ! ಈಗ ನನ್ನನ್ನ ಮೀನಿನ ಹಾಗೆ ಎರಡು ಸೀಳು ಮಾಡಿ ಹೊಗೆಮನೇಲಿ ನೇತುಹಾಕಿದ್ರೆ ಬೇಸಿಗೆ ತನಕ ಕೆಡಲ್ಲ!"

"ನೀನೇ ಕೇಳಿದ್ಯಲ್ಲ, ಇನ್ನೂ ಸ್ವಲ್ಪ ಹಾಕು ಅಂತ!"

"ಹೆದರ್ಕೊಂಡು ಕೇಳಿದೆ! ಕೇಳದಿದ್ರೆ ಎಲ್ಲಿ ಅತ್ತುಬಿಡ್ತೀಯೋ ಅಂತ!"

"ಅಜ್ಜ ಹಳೇ ಕಾಲದ ರುಚಿ ಅಂದ್ರಲ್ಲ," ಅಂತ ಫೆಕ್ಲಾ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಳು.

"ಸುಳ್ಳಲ್ಲ," ಅಂದ ಗಾವ್ರೀಲಜ್ಜ ಗಂಭೀರವಾಗಿ. "ನಮ್ಮಜ್ಜಿ ಕಾಲದಲ್ಲಿ ಒಂದು ಚಳಿಗಾಲ ತಿನ್ನೋಕೇನೂ ಇಲ್ಲದೆ ಬೂಟು ಬೇಯಿಸಿಕೊಂಡು ತಿಂದ್ರಂತೆ. ಆ ರುಚಿ."

ಒಲಿಂಕಾ ಅತ್ತೆ ನಗುತ್ತ ನಗುತ್ತ ಬೆರಳೆತ್ತಿದಳು. "ಮತ್ತೆ ಆ ಕಾಯಿಗಳು! ಆ ಬಕೆಟ್ ನೋಡಿ ನನ್ನ ಕೈ ಹೇಗೆ ತುರಿಸ್ತು ಗೊತ್ತೇನೇ? ಹಿಡ್ಕೊಂಡಿದ್ದೆ ಈ ಕೈನ, ಆ ಕೈಯಲ್ಲಿ."

"ಕಾಯಿ ಬಿಡು ಅಮ್ಮ. ಕೂದಲು!" ಅಂದ ಝಾಕರ್.

ಮಕ್ರೀನಾ ತಿರುಗಿದಳು. "ಯಾವ ಕೂದಲು?"

"ಚಳಿಗಾಲದಲ್ಲಿ ನೀನೇ ಕತ್ತರಿಸಿಕೊಂಡೆಯಲ್ಲ. ಮುಂದೆ ಚೋಟುದ್ದ, ಹಿಂದೆ ಮಾರುದ್ದ. ಇಗರ್ಜೀಲಿ ನಿನ್ನ ಹಿಂದೇನೇ ನಿಂತಿದ್ದೆ. ಯಾರದೋ ನಾಯಿ ಒಳಗೆ ಬಂದಿದೆ ಅಂದ್ಕೊಂಡೆ. ಅವತ್ತಿಂದ ಇಟ್ಕೊಂಡಿದೀನಿ ಈ ಮಾತು, ಹೊಟ್ಟೇಲಿ ಮುಳ್ಳಾಗಿತ್ತು."

ಒಂದು ದಿನ ಬಾಗಿಲು ಹಾಕಿಕೊಂಡು, ಕನ್ನಡಿಯನ್ನೂ ನೋಡದೆ, ಮೀನು ಕೊಯ್ಯುವ ಚಾಕುವಿನಲ್ಲಿ ಕತ್ತರಿಸಿಕೊಂಡದ್ದು ಅದು. ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದಳು. ಕಿವಿಯ ಬುಡದಿಂದ ಬಿಸಿ ಏರಿತು. ನಾಚಿಕೆಯೋ ಅಂತ ಒಂದು ಕ್ಷಣ ನೋಡಿದಳು. ಅಲ್ಲ, ಸಿಟ್ಟು. ಒಳ್ಳೇ ಕಾದ ಸಿಟ್ಟು.

"ನನ್ನ ಕೂದಲಿನ ಸುದ್ದಿ ಯಾಕೋ ನಿನಗೆ? ಮಗುಚಿಟ್ಟ ದೋಣಿಗೂ ಮೂಸ್ ಜಿಂಕೆಗೂ ವ್ಯತ್ಯಾಸ ಗೊತ್ತಿಲ್ಲದವನು! ನಿನ್ನದೇ ದೋಣಿಗೆ ಗುಂಡು ಹೊಡೆದು, ಕತ್ತಿ ಹಿಡ್ಕೊಂಡು ಚರ್ಮ ಸುಲಿಯೋಕೆ ಓಡಿದವನು!"

ಗಾವ್ರೀಲಜ್ಜ ತೊಡೆ ತಟ್ಟಿಕೊಂಡ.

"ಮಂಜಿತ್ತು!" ಅಂತ ಕೂಗಿದ ಝಾಕರ್.

"ಮಂಜು ನಿನ್ನ ತಲೇಲಿತ್ತು! ದೋಣಿಗೆ ಕೊಂಬು ಎಲ್ಲಿತ್ತೋ?"

"ಸಾಕಪ್ಪ ಈ ಮನೆ ಸಹವಾಸ," ಅಂತ ಅವನು ಮುಖ ಊದಿಸಿಕೊಂಡು ಎದ್ದ. ಆದರೆ ಮೀಸೆಯ ಕೆಳಗೆ ನಗು ನಿಲ್ಲುತ್ತಿರಲಿಲ್ಲ. "ಉಪ್ಪು ತಿನ್ನಿಸಿ ಬೈಯೋದು ಬೇರೆ. ನಡಿ ಫೆಕ್ಲಾ, ಮಗಳನ್ನ ಎತ್ಕೋ."

"ನೀನು ಹೋಗು," ಅಂದಳು ಮಕ್ರೀನಾ. "ನನ್ನ ಗಂಡ ಹಸಿದಿದಾನೆ."

ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋಗಿ, ಮಾಗಿದ ಹಣ್ಣಿನ ಚೀಲ ಬಿಚ್ಚಿದಳು. ಎಲ್ಲಕ್ಕಿಂತ ಮೆತ್ತಗಿದ್ದದ್ದನ್ನು ಆರಿಸಿ, ತಿರುಳು ನುಣ್ಣಗಾಗುವ ತನಕ ಬೆರಳಲ್ಲಿ ಹಿಸುಕಿ, ಆ ನಾಲ್ಕು ಹಲ್ಲುಗಳ ನಡುವೆ ಇಟ್ಟಳು. ಮಗು ಅನುಮಾನದಿಂದ ನಾಲಿಗೆಯ ತುದಿ ತಾಗಿಸಿತು. ಆಮೇಲೆ ಹಣ್ಣಿನ ಜೊತೆಗೆ ಬೆರಳನ್ನೂ ಕಚ್ಚಿತು.

"ಆಯ್!"

"ಬಿಡಬೇಡ ಕಿಯುನ್ಯಾ, ಗಟ್ಟಿಯಾಗಿ ಹಿಡ್ಕೋ!" ಅಂತ ಹೊರಗಿನ ಕೋಣೆಯಿಂದ ಝಾಕರ್ ಕೂಗಿದ. ಅವನು ಹೋಗಿರಲಿಲ್ಲ. ಮತ್ತೆ ಕೂತು, ಅಮ್ಮನ ಪಕ್ಕದ ಕೆಟಲಿನಿಂದ ಚಹಾ ಬಗ್ಗಿಸಿಕೊಳ್ಳುತ್ತ, ಕೂದಲಿನ ಕಥೆಯನ್ನು ಗಾವ್ರೀಲಜ್ಜನಿಗೆ ಮೊದಲಿನಿಂದ ಹೇಳತೊಡಗಿದ್ದ. ಈ ಸಲದ ಕಥೆಯಲ್ಲಿ ನಾಯಿಯ ಬದಲು ಮುಳ್ಳುಹಂದಿ ಬಂದಿತ್ತು.

"ಸಾಕು ನಿಲ್ಲಿಸೋ," ಅಂದಳು ಮಕ್ರೀನಾ ಅಲ್ಲಿಂದಲೇ, ಇನ್ನೊಂದು ಹಣ್ಣು ಹಿಸುಕುತ್ತ.

ಅವನು ನಿಲ್ಲಿಸಲಿಲ್ಲ.